ಹತ್ತು ಸಾವಿರದ ಕ್ಯಾಮೆರಾ, ಹನ್ನೆರಡು ಮೀಟರ್ ಆಳ

ಡಬ್ಬದ ಮೇಲೆ ದಪ್ಪಕ್ಷರದಲ್ಲಿ 4ಕೆ ಎಂದಿರುತ್ತದೆ. ಅದರ ಕೆಳಗೆ ಸ್ವಲ್ಪ ಸಣ್ಣಗೆ, 30 ಅಥವಾ 40 ಮೀಟರ್ ವಾಟರ್‌ಪ್ರೂಫ್. ಸ್ಕೂಬಾಗೆಂದು ಹೊರಟವರು ಮೊದಲನೆಯದನ್ನು ನೋಡಿ ದುಡ್ಡು ಕೊಡುತ್ತಾರೆ, ಎರಡನೆಯದನ್ನು ಕಣ್ಣುಮುಚ್ಚಿ ನಂಬಿ ಕ್ಯಾಮೆರಾ ಕಳೆದುಕೊಳ್ಳುತ್ತಾರೆ. ಹತ್ತು ಸಾವಿರ ರೂಪಾಯಿ ಆಸುಪಾಸಿನ ಈ ಜೇಬುಗಾತ್ರದ ಆಕ್ಷನ್ ಕ್ಯಾಮೆರಾಗಳು ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ನೀರಿಗೆ ಸಾಕೇ? ಸಾಕು, 12 ಮೀಟರ್‌ವರೆಗೆ ಧಾರಾಳವಾಗಿ ಸಾಕು. ಆದರೆ ವಿಡಿಯೊ ಚೆನ್ನಾಗಿ ಬರುವುದು ಬಿಡುವುದು ಮಾತ್ರ ಬೇರೆ ಮೂರು ಸಂಗತಿಗಳ ಮೇಲೆ ನಿಂತಿದೆ: ಕ್ಯಾಮೆರಾ ಕೂರುವ ಪ್ಲಾಸ್ಟಿಕ್ ಕೇಸು, ಅದರ ಬಾಗಿಲ ರಬ್ಬರ್ ಪಟ್ಟಿ, ಮತ್ತು ಮೀನಿಗೂ ನಿಮಗೂ ನಡುವಿನ ದೂರ.

ಇಲ್ಲಿ ನೋಡುತ್ತಿರುವುದು ಒಂದೇ ಮಾಡೆಲ್ ಅಲ್ಲ, ಒಂದು ಜಾತಿ. ಎಸ್‌ಜೆಕ್ಯಾಮ್ ಎಸ್‌ಜೆ4000, ಅಕಾಸೊ ಇಕೆ7000, ಮತ್ತು ಇವುಗಳ ಅಚ್ಚಿನಲ್ಲೇ ಎರಕ ಹೊಯ್ದಂತಿರುವ ಹೆಸರಿಲ್ಲದ ಹತ್ತಾರು ಕ್ಯಾಮೆರಾಗಳು. ಎಲ್ಲದರದ್ದೂ ಒಂದೇ ಜಾತಕ: ಬದಲಿಸಲಾಗದ ಅಗಲ ಲೆನ್ಸು, ಅಲುಗದ ಫೋಕಸ್, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ದೇಹ, ಬಿಚ್ಚಿ ಹಾಕಬಹುದಾದ ಪುಟ್ಟ ಬ್ಯಾಟರಿ (ಎಸ್‌ಜೆ4000ದಲ್ಲಿ 900, ಇಕೆ7000ದಲ್ಲಿ 1050 ಎಂಎಎಚ್), ಜೊತೆಗೆ ಪಾರದರ್ಶಕ ಕೇಸು. ಕ್ಯಾಮೆರಾಕ್ಕೆ ನೀರು ತಾಗಿದರೆ ಕಥೆ ಮುಗಿಯಿತು. ತಡೆಯುವುದೆಲ್ಲ ಕೇಸಿನ ಕೆಲಸ.

ಇವುಗಳಿಗಿಂತ ಹಿಂದಿನ ತಲೆಮಾರಿನ ಪಾಕೆಟ್ ಕ್ಯಾಮ್‌ಕಾರ್ಡರ್‌ಗಳು ಇನ್ನೂ ಕೆಲವರ ಬೀರುವಿನಲ್ಲಿವೆ. ಅಮೆರಿಕದಿಂದ ಯಾರೋ ತಂದುಕೊಟ್ಟ ಫ್ಲಿಪ್, ಇಲ್ಲವೇ 2010ರ ಕೊಡಾಕ್ ಪ್ಲೇಸ್ಪೋರ್ಟ್. ಪ್ಲೇಸ್ಪೋರ್ಟ್ ಕೇಸಿಲ್ಲದೆಯೇ ನೀರಿಗಿಳಿಯುತ್ತದೆ, ಆದರೆ 3 ಮೀಟರ್‌ವರೆಗೆ ಮಾತ್ರ. ಸ್ನಾರ್ಕೆಲಿಂಗ್‌ಗೆ ಸರಿ, ಸ್ಕೂಬಾಗೆ ಬೇಡ. ಫ್ಲಿಪ್‌ಗೆ ಕಂಪನಿಯದೇ ನೀರಿನ ಕೇಸ್ ಇತ್ತು, ಅದರ ಮಿತಿ 30 ಅಡಿ, ಅಂದರೆ 9 ಮೀಟರ್. 2011ರ ಏಪ್ರಿಲ್‌ನಲ್ಲಿ ಸಿಸ್ಕೊ ಫ್ಲಿಪ್ ವ್ಯವಹಾರವನ್ನೇ ಮುಚ್ಚಿತು. ಅಂದಿನ ಕೇಸು ಸಿಕ್ಕರೂ ಅದರ ರಬ್ಬರ್ ಇಷ್ಟು ಹೊತ್ತಿಗೆ ಗಟ್ಟಿಯಾಗಿರುತ್ತದೆ. ಅದನ್ನು ನಂಬಿ ಇಳಿಯುವುದು ಹಳೇ ಟೈರಿನಲ್ಲಿ ಆಗುಂಬೆ ಘಾಟಿ ಇಳಿದ ಹಾಗೆ.

ಕೇಸು

ಕಿಟ್‌ನ ಡಬ್ಬ ಬಿಚ್ಚಿದಾಗ ಕೇಸಿಗೆ ಎರಡು ಹಿಂಬಾಗಿಲು ಸಿಗುವುದುಂಟು. ಒಂದಕ್ಕೆ ಸುತ್ತಲೂ ರಬ್ಬರ್ ಪಟ್ಟಿ ಇರುತ್ತದೆ. ಇನ್ನೊಂದರಲ್ಲಿ ಸಣ್ಣ ಸೀಳುಗಳು ಇಲ್ಲವೇ ಕಿಂಡಿ ಇರುತ್ತದೆ. ಅದು ಬೈಕ್, ಸೈಕಲ್ ಓಡಿಸುವಾಗ ದನಿ ಒಳಗೆ ಹೋಗಲಿ ಎಂದು ಕೊಟ್ಟದ್ದು. ಬೈಕಿಗೆ ಹಾಕಿದ ಬಾಗಿಲನ್ನು ಬದಲಿಸಲು ಮರೆತು ನೇರ ಸಮುದ್ರಕ್ಕಿಳಿದರೆ ಕ್ಯಾಮೆರಾ ಮೊದಲ ಅರ್ಧ ನಿಮಿಷದಲ್ಲೇ ಹೋಗುತ್ತದೆ. ಹೊರಡುವ ಹಿಂದಿನ ರಾತ್ರಿಯೇ ಸೀಳಿನ ಬಾಗಿಲನ್ನು ಬ್ಯಾಗಿನಿಂದ ತೆಗೆದು ಮನೆಯಲ್ಲೇ ಬಿಟ್ಟುಬಿಡಿ.

ಬಾಗಿಲ ಬಿಳಿ ಅಥವಾ ಬೂದು ಪಟ್ಟಿ ಸಾಮಾನ್ಯವಾಗಿ ಸಿಲಿಕೋನ್ ರಬ್ಬರು. ಇದಕ್ಕೆ ಗ್ರೀಸ್ ಹಚ್ಚಬಾರದು. ಓ-ರಿಂಗ್‌ಗೆ (ಸೀಲಿನ ರಬ್ಬರ್ ಬಳೆಗೆ) ಗ್ರೀಸ್ ಹಚ್ಚಬೇಕು ಎಂಬ ಮಾತು ಬಂದದ್ದು ದೊಡ್ಡ ಕ್ಯಾಮೆರಾಗಳ ನೀರಿನ ಹೌಸಿಂಗ್‌ಗಳ ಕಪ್ಪು ನೈಟ್ರೈಲ್ ರಿಂಗಿನಿಂದ. ಸಿಲಿಕೋನ್ ಪಟ್ಟಿಗೆ ಸಿಲಿಕೋನ್ ಗ್ರೀಸ್ ತಾಗಿದರೆ ಅದು ಊದಿಕೊಂಡು ತನ್ನ ತೋಡಿನಲ್ಲಿ ಕೂರುವುದಿಲ್ಲ. ಮೇಲಾಗಿ ಜಿಡ್ಡಿಗೆ ಮರಳು ಅಂಟಿಕೊಳ್ಳುತ್ತದೆ. ಪಟ್ಟಿಯನ್ನು ಬೆರಳ ತುದಿಯಿಂದ ಎತ್ತಿ (ಪಿನ್ನು, ಚಾಕು ಬೇಡ), ಸಿಹಿನೀರಲ್ಲಿ ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ. ಟವಲು, ಹತ್ತಿ, ಟಿಶ್ಯೂ ಮೂರೂ ಎಳೆ ಬಿಡುತ್ತವೆ. ಕನ್ನಡಕ ಒರೆಸುವ ಬಟ್ಟೆ ಒಳ್ಳೆಯದು. ತೋಡಿನ ಮೂಲೆಗಳನ್ನು ಮೊಬೈಲ್ ಟಾರ್ಚ್ ಹಾಕಿ ನೋಡಿ. ಒಂದು ತಲೆಗೂದಲು ಅಡ್ಡ ಬಿದ್ದಿದ್ದರೂ ಸಾಕು, ನೀರಿಗೆ ಅದೇ ಕಾಲುವೆ. ಪಟ್ಟಿ ಕೂರಿಸಿದ ಮೇಲೆ ಸುತ್ತಲೂ ಬೆರಳಾಡಿಸಿ. ಎಲ್ಲೂ ಉಬ್ಬಿಲ್ಲ, ತಿರುಚಿಲ್ಲ ಎಂದಾದರೆ ಬಾಗಿಲು ಮುಚ್ಚಿ ಚಿಲಕ ಒತ್ತಿ. ಮುಚ್ಚಿದ ಮೇಲೆ ಪಾರದರ್ಶಕ ಪ್ಲಾಸ್ಟಿಕ್‌ನ ಮೂಲಕ ನೋಡಿದರೆ ಪಟ್ಟಿ ಒತ್ತಿಕೊಂಡ ಗುರುತು ಸುತ್ತಲೂ ಒಂದೇ ಅಗಲಕ್ಕೆ, ಎಲ್ಲೂ ತುಂಡಾಗದೆ ಕಾಣಬೇಕು. ತುಂಡಾದ ಕಡೆ ಕಸ ಇದೆ ಎಂದೇ ಅರ್ಥ.

ಹೊಸ ಕೇಸನ್ನು ಕ್ಯಾಮೆರಾ ಹಾಕದೆ ಪರೀಕ್ಷಿಸಿ. ಒಳಗೆ ಒಂದು ಒಣ ಟಿಶ್ಯೂ ಮಡಚಿಟ್ಟು ಮುಚ್ಚಿ, ಬಕೆಟ್ ನೀರಿನ ತಳಕ್ಕೆ ಒತ್ತಿ, ತೇಲದಂತೆ ಮೇಲೊಂದು ಇಟ್ಟಿಗೆ ಇಟ್ಟು ಅರ್ಧ ಗಂಟೆ ಬಿಡಿ. ನಡುನಡುವೆ ನೀರೊಳಗೇ ಎಲ್ಲಾ ಗುಂಡಿಗಳನ್ನು ಇಪ್ಪತ್ತು ಸಲ ಒತ್ತಿ; ಬಾಗಿಲಿನಷ್ಟೇ ಗುಂಡಿಗಳ ಸಂದಿಯಿಂದಲೂ ನೀರು ಬರುತ್ತದೆ. ಟಿಶ್ಯೂ ಒಣಗೇ ಇದ್ದರೆ ಅರ್ಧ ಪಾಸು. ಇನ್ನರ್ಧ, ಮೊದಲ ಡೈವ್‌ನಲ್ಲಿ ಅದೇ ಖಾಲಿ ಕೇಸನ್ನು ಟಿಶ್ಯೂ ಸಮೇತ ಒಯ್ದು ತರುವುದು. ಒಂದು ಡೈವ್ ವಿಡಿಯೊ ಇಲ್ಲದೆ ಹೋಯಿತು ಎನಿಸಬಹುದು, ಆದರೆ ಬಕೆಟ್ಟಿನ ಒಂದಡಿ ನೀರು 12 ಮೀಟರ್‌ನ ಒತ್ತಡಕ್ಕೆ ಪುರಾವೆಯಾಗುವುದಿಲ್ಲ.

ಒತ್ತಡದ ಲೆಕ್ಕ ತಿಳಿದರೆ ಸೋರಿಕೆ ಎಲ್ಲಿ ಆಗುತ್ತದೆ ಎನ್ನುವುದೂ ತಿಳಿಯುತ್ತದೆ. ಪ್ರತಿ 10 ಮೀಟರ್‌ಗೆ ಒಂದು ವಾತಾವರಣದಷ್ಟು ಒತ್ತಡ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೊ ಹೆಚ್ಚುತ್ತದೆ. 6 ಸೆಂ.ಮೀ.ಗೆ 7 ಸೆಂ.ಮೀ. ಇರುವ ಹಿಂಬಾಗಿಲ ಮೇಲೆ 10 ಮೀಟರ್‌ನಲ್ಲಿ 40 ಕಿಲೊಗೂ ಹೆಚ್ಚು ಭಾರ ಕೂರುತ್ತದೆ. ಈ ಭಾರ ಬಾಗಿಲನ್ನು ಒಳಕ್ಕೇ ಒತ್ತುವುದರಿಂದ ಆಳದಲ್ಲಿ ಸೀಲು ಇನ್ನಷ್ಟು ಬಿಗಿಯಾಗುತ್ತದೆ. ಮೇಲೆ ಒಂದಡಿ ನೀರಿನಲ್ಲಿ ಅದೇ ಬಾಗಿಲ ಮೇಲೆ ಒಂದೂವರೆ ಕಿಲೊ ಕೂಡ ಇರುವುದಿಲ್ಲ. ಅಲ್ಲಿ ಹಿಡಿದಿಡುವುದು ಚಿಲಕವೊಂದೇ. ಹಾಗಾಗಿ ಬಹಳಷ್ಟು ಕೇಸುಗಳು ನೀರು ಕುಡಿಯುವುದು ದೋಣಿಯಿಂದ ಧುಮುಕಿದ ಪೆಟ್ಟಿಗೆ, ಇಲ್ಲವೇ ಮೇಲ್ನೀರಿನಲ್ಲಿ ಏಣಿಗೆ ಬಡಿದಾಗ. ಕ್ಯಾಮೆರಾ ಹಿಡಿದು ಹಾರಬೇಡಿ. ನೀರಿಗಿಳಿದ ಮೇಲೆ ದೋಣಿಯವರ ಕೈಯಿಂದ ಇಸಿದುಕೊಳ್ಳಿ, ಹತ್ತುವಾಗ ಮೊದಲು ಅದನ್ನೇ ಮೇಲಕ್ಕೆ ಕೊಡಿ.

ಅದೇ ಒತ್ತಡ ಗುಂಡಿಗಳಿಗೆ ಮಾತ್ರ ವೈರಿ. ಅಗ್ಗದ ಕೇಸುಗಳ ಗುಂಡಿಯೊಳಗಿನ ಸ್ಪ್ರಿಂಗು ಮೆದು. ಆಳಕ್ಕಿಳಿದಂತೆ ನೀರು ಅದನ್ನು ಒತ್ತಿ ಅಲ್ಲೇ ಹಿಡಿದುಬಿಡುತ್ತದೆ. ಆಗ ರೆಕಾರ್ಡಿಂಗ್ ಶುರುವೂ ಆಗದು, ನಿಲ್ಲಿಸಲೂ ಬಾರದು. ಕೆಲವೊಮ್ಮೆ ಕ್ಯಾಮೆರಾ ತಾನಾಗಿ ಆಫ್ ಆಗುತ್ತದೆ. ಕೈಲಾದಷ್ಟು ಒತ್ತಿದರೂ ಪ್ರಯೋಜನವಿಲ್ಲ, ಏಕೆಂದರೆ ಅದು ಆಗಲೇ ಒತ್ತಿಕೊಂಡಿದೆ. ನಾಲ್ಕೈದು ಮೀಟರ್ ಮೇಲೆ ಬಂದರೆ ಟಿಕ್ ಎಂದು ವಾಪಸು ಬರುತ್ತದೆ. ಆದರೆ ಗುಂಡಿಗೋಸ್ಕರ ಡೈವ್‌ನ ನಡುವೆ ಮೇಲೇರುವುದು ಒಳ್ಳೆಯ ಅಭ್ಯಾಸವಲ್ಲ. 10 ಮೀಟರ್ ದಾಟುವವರಿದ್ದರೆ ಮೇಲೆಯೇ ರೆಕಾರ್ಡಿಂಗ್ ಒತ್ತಿ, ಇಡೀ ಡೈವ್ ಓಡಲು ಬಿಡಿ. ಸೆಕೆಂಡಿಗೆ 25 ಮೆಗಾಬಿಟ್‌ನಲ್ಲಿ ಬರೆದರೂ ಗಂಟೆಗೆ 11 ಜಿಬಿ ಚಿಲ್ಲರೆ, 64 ಜಿಬಿ ಕಾರ್ಡಿಗೆ ಅದೊಂದು ಹೊರೆಯಲ್ಲ.

ಕೇಸಿನ ಮೇಲೆ ಬರೆದ ಆಳ ಹೊಸ ರಬ್ಬರಿನದು, ಅಲುಗಾಡದ ನೀರಿನದು. ಈ ದರದ ಕೇಸುಗಳಲ್ಲಿ ಅದನ್ನು ಅರ್ಧ ಮಾಡಿ ಲೆಕ್ಕ ಹಿಡಿಯುವುದು ಜಾಣತನ: 30 ಎಂದರೆ 15, 40 ಎಂದರೆ 20. ತರಬೇತಿ ಇಲ್ಲದವರ ಡಿಸ್ಕವರ್ ಡೈವ್‌ಗೆ 12 ಮೀಟರ್, ಮೊದಲ ಹಂತದ ಓಪನ್ ವಾಟರ್ ಪ್ರಮಾಣಪತ್ರ ಇದ್ದವರಿಗೆ 18 ಮೀಟರ್ ಮಿತಿ ಇರುವುದರಿಂದ ಅರ್ಧ ಮಾಡಿದರೂ ಕೊರತೆ ಬೀಳುವುದು ಕಡಿಮೆ.

ಸೆಟ್ಟಿಂಗ್

ಕೇಸಿನೊಳಗೆ ಹೋದ ಮೇಲೆ ಟಚ್ ಸ್ಕ್ರೀನ್ ಇದ್ದರೂ ಇಲ್ಲದಂತೆ. ಎಲ್ಲವನ್ನೂ ಮೊದಲೇ ಹೊಂದಿಸಬೇಕು.

4ಕೆ ಬಿಟ್ಟುಬಿಡಿ. ಈ ದರ್ಜೆಯ ಕ್ಯಾಮೆರಾಗಳ 4ಕೆ ಸೆಕೆಂಡಿಗೆ 25 ಇಲ್ಲವೇ 30 ಫ್ರೇಮಿನದು, ಹಲವು ಮಾಡೆಲ್‌ಗಳಲ್ಲಿ ಚಿಕ್ಕ ಚಿತ್ರವನ್ನೇ ಹಿಗ್ಗಿಸಿ ಕೊಟ್ಟದ್ದು. ನೀರಿನಲ್ಲಿ ತೇಲುವ ಕಣಗಳೇ ಚಿತ್ರದ ನಯವನ್ನು ತಿನ್ನುವಾಗ ಹಿಗ್ಗಿಸಿದ ಪಿಕ್ಸೆಲ್‌ನಿಂದ ಬರುವುದು ಏನೂ ಇಲ್ಲ; ಕ್ಯಾಮೆರಾ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ, ಅಷ್ಟೇ. 1080ಪಿ, 60 ಫ್ರೇಮ್ ಇಡಿ. ನೀರಲ್ಲಿ ಕೈ ಸದಾ ಓಲಾಡುತ್ತದೆ. 60 ಫ್ರೇಮಿನದನ್ನು ಎಡಿಟಿಂಗ್‌ನಲ್ಲಿ ಅರ್ಧ ವೇಗಕ್ಕೆ ಇಳಿಸಿದರೆ ಆ ಓಲಾಟ ತೊಟ್ಟಿಲು ತೂಗಿದಂತೆ ಕಾಣುತ್ತದೆ, ನಡುಕ ಕಾಣುವುದಿಲ್ಲ. ಮೂಲ ಎಸ್‌ಜೆ4000ದಲ್ಲಿ 1080ಪಿಗೆ 30 ಫ್ರೇಮ್ ಮಾತ್ರ, 60 ಬೇಕಿದ್ದರೆ 720ಪಿಗೆ ಇಳಿಯಬೇಕು. ಅಲ್ಲಿ 1080ಪಿ 30 ಇಟ್ಟುಕೊಳ್ಳುವುದೇ ಸರಿ.

ಆಟೊ ಪವರ್ ಆಫ್ ತೆಗೆಯಿರಿ. ಇಲ್ಲದಿದ್ದರೆ ಮೀನು ಬರುವಷ್ಟರಲ್ಲಿ ಕ್ಯಾಮೆರಾ ಮಲಗಿರುತ್ತದೆ. ಲೂಪ್ ರೆಕಾರ್ಡಿಂಗ್ ತೆಗೆಯಿರಿ. ಅದು ಕಾರಿನ ಡ್ಯಾಶ್‌ಕ್ಯಾಮಿಗೆ ಇರುವ ಸೌಕರ್ಯ, ಕಾರ್ಡ್ ತುಂಬಿದಾಗ ಹಳೆಯದನ್ನು ಅಳಿಸಿ ಬರೆಯುತ್ತದೆ. ತಾರೀಖಿನ ಮುದ್ರೆ ತೆಗೆಯಿರಿ. ಇದನ್ನು ಮರೆತವರ ವಿಡಿಯೊದಲ್ಲಿ ಸುಂದರವಾದ ಚಿಟ್ಟೆಮೀನಿನ ಬಾಲದ ಮೇಲೆ ಹಳದಿ ಅಕ್ಷರದಲ್ಲಿ ಯಾವುದೋ ವರ್ಷದ ಜನವರಿ 1 ಓಡುತ್ತಿರುತ್ತದೆ, ತೆಗೆಯಲು ಸಾಧ್ಯವಿಲ್ಲ. ವೈಫೈ ಆರಿಸಿ. ಮಣಿಕಟ್ಟಿನ ರಿಮೋಟನ್ನು ರೂಮಿನಲ್ಲೇ ಇಡಿ: ಅದು ವಾಟರ್‌ಪ್ರೂಫ್ ಅಲ್ಲ, ಅದರ 2.4 ಗಿಗಾಹರ್ಟ್ಸ್ ಸಂಕೇತ ಉಪ್ಪುನೀರಿನಲ್ಲಿ ಗೇಣು ದೂರ ಕೂಡ ಹೋಗುವುದಿಲ್ಲ. ಕಾರ್ಡನ್ನು ಕಂಪ್ಯೂಟರಿನಲ್ಲಿ ಬೇಡ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಇಕೆ7000 ಒಪ್ಪುವುದು 64 ಜಿಬಿವರೆಗೆ; 128 ಹಾಕಿ ನಡುಗಡಲಲ್ಲಿ ಕಾರ್ಡ್ ಎರರ್ ಓದುತ್ತ ಕೂರಬೇಡಿ.

ದನಿಯ ಆಸೆ ಬೇಡ. ಕೇಸಿನೊಳಗೆ ಕೇಳಿಸುವುದು ನೀವು ಉಸಿರಾಡುವ ರೆಗ್ಯುಲೇಟರ್‌ನ ಗೊಳಗೊಳ ಮಾತ್ರ.

ಬಣ್ಣ ಎಲ್ಲಿ ಹೋಯಿತು

ಮೊದಲ ಸಲ ವಿಡಿಯೊ ನೋಡಿದವರೆಲ್ಲರ ದೂರು ಒಂದೇ: ಕಣ್ಣಿಗೆ ಚೆನ್ನಾಗಿತ್ತು, ವಿಡಿಯೊದಲ್ಲಿ ಎಲ್ಲಾ ಹಸಿರು. ಕ್ಯಾಮೆರಾ ಸುಳ್ಳು ಹೇಳಿಲ್ಲ. ನೀರು ಕೆಂಪನ್ನು ಮೊದಲು ನುಂಗುತ್ತದೆ. 5 ಮೀಟರ್ ದಾಟುವಷ್ಟರಲ್ಲಿ ಕೆಂಪು ಬಹುಪಾಲು ಹೋಗಿರುತ್ತದೆ, ಅದರ ಹಿಂದೆಯೇ ಕಿತ್ತಳೆ, ಇನ್ನೂ ಕೆಳಗೆ ಹಳದಿ. ನಮ್ಮ ಮಿದುಳು ಇದನ್ನು ತನ್ನಷ್ಟಕ್ಕೆ ಸರಿಪಡಿಸಿಕೊಂಡು ನೋಡುತ್ತದೆ. ಸೆನ್ಸರಿಗೆ ಆ ದಾಕ್ಷಿಣ್ಯ ಇಲ್ಲ. ಇಲ್ಲಿ ಆಳ ಎನ್ನುವುದಕ್ಕಿಂತ ಬೆಳಕು ನಡೆದ ದಾರಿ ಎನ್ನಬೇಕು: ಮೇಲಿನಿಂದ ಮೀನಿನವರೆಗೆ 8 ಮೀಟರ್, ಮೀನಿನಿಂದ ಕ್ಯಾಮೆರಾಕ್ಕೆ 4 ಮೀಟರ್ ಇದ್ದರೆ ಒಟ್ಟು 12 ಮೀಟರ್ ನೀರು ಬಣ್ಣ ತಿಂದಿದೆ. ಆಳ ಕಡಿಮೆ ಮಾಡುವುದು ನಿಮ್ಮ ಕೈಯಲ್ಲಿಲ್ಲದಿರಬಹುದು, ಹತ್ತಿರ ಹೋಗುವುದು ಇದೆ.

ಬಣ್ಣ ವಾಪಸು ತರಲು ಮೂರು ದಾರಿ. ಕೇಸಿನ ಕಣ್ಣಿಗೆ ಸಿಕ್ಕಿಸುವ ಕೆಂಪು ಫಿಲ್ಟರ್ ಮೊದಲನೆಯದು. ಅದು ಕೆಂಪನ್ನು ಸೇರಿಸುವುದಿಲ್ಲ, ಹಸಿರು ನೀಲಿಯನ್ನು ಕಡಿತಗೊಳಿಸಿ ಸಮ ಮಾಡುತ್ತದೆ. ಹಾಗಾಗಿ ಚಿತ್ರ ಸ್ವಲ್ಪ ಕಪ್ಪಾಗುತ್ತದೆ. 5 ಮೀಟರ್‌ಗಿಂತ ಮೇಲೆ ಹಾಕಿಕೊಂಡರೆ ಎಲ್ಲರೂ ಕುಂಕುಮದಲ್ಲಿ ಮಿಂದಂತೆ ಕಾಣುತ್ತಾರೆ, 20 ಮೀಟರ್‌ಗಿಂತ ಕೆಳಗೆ ಸಮ ಮಾಡಲು ಕೆಂಪೇ ಉಳಿದಿರುವುದಿಲ್ಲ. ನೀಲಿ ನೀರಿನ ಲಕ್ಷದ್ವೀಪ, ಅಂಡಮಾನಿಗೆ ಕೆಂಪು ಫಿಲ್ಟರ್ ಹೊಂದುತ್ತದೆ. ನಮ್ಮ ಕರಾವಳಿಯ ನೀರಿಗೆ ಹಸಿರು ಛಾಯೆ ಹೆಚ್ಚು. ಅಲ್ಲಿ ಮಜೆಂಟಾ ಫಿಲ್ಟರ್ ಮೇಲು. ಎರಡೂ ಸೇರಿದ ಪ್ಯಾಕ್ ಸಿಗುತ್ತದೆ, ಅದನ್ನೇ ಕೊಳ್ಳಿ, ಮತ್ತು ಸಿಕ್ಕಿಸಿದ ಫಿಲ್ಟರ್‌ಗೆ ಒಂದು ದಾರ ಕಟ್ಟಿ. ಅದು ಸದ್ದಿಲ್ಲದೆ ಕಳಚಿ ಹೋಗುವ ವಸ್ತು. ಕೇಸು ಮತ್ತು ಫಿಲ್ಟರ್ ನಡುವೆ ಗಾಳಿಗುಳ್ಳೆ ಕೂತರೆ ಚಿತ್ರದಲ್ಲಿ ಬೆಳ್ಳಗಿನ ಚುಕ್ಕಿ ಬರುತ್ತದೆ. ನೀರಿಗಿಳಿದ ತಕ್ಷಣ ಫಿಲ್ಟರನ್ನು ಒಮ್ಮೆ ಬಿಚ್ಚಿ ನೀರೊಳಗೇ ಮತ್ತೆ ಹಾಕಿದರೆ ಗುಳ್ಳೆ ಹೋಗುತ್ತದೆ.

ಎರಡನೆಯದು ಇಕೆ7000ದಂಥವುಗಳಲ್ಲಿರುವ ಡೈವಿಂಗ್ ಮೋಡ್. ಇದು ಕೆಂಪಿನ ಭಾಗವನ್ನು ಒಳಗೇ ಏರಿಸುತ್ತದೆ. ಫಿಲ್ಟರ್ ಇಲ್ಲದಾಗ ಉಪಯೋಗ. ಎರಡನ್ನೂ ಒಟ್ಟಿಗೆ ಬಳಸಿದರೆ ಹವಳವೆಲ್ಲ ಗುಲಾಬಿ.

ಮೂರನೆಯದೇ ನಿಜವಾದ ಪರಿಹಾರ, ಟಾರ್ಚು. ಬೆಳಕು ಮೀನಿನ ಪಕ್ಕದಿಂದಲೇ ಹೊರಟರೆ ಬಣ್ಣ ಕಳೆಯಲು ದಾರಿಯೇ ಉದ್ದವಿಲ್ಲ. ಆದರೆ ಡೈವರ್‌ಗಳು ಬಿಲ ನೋಡಲು ಬಳಸುವ ಕೋಲುಬೆಳಕಿನ ಟಾರ್ಚ್ ವಿಡಿಯೊಗೆ ಆಗದು, ನಡುವೆ ಸುಟ್ಟ ಬಿಳಿ ವೃತ್ತ ಬರುತ್ತದೆ. 1000 ಲ್ಯೂಮೆನ್ ಆಸುಪಾಸಿನ, 100 ಡಿಗ್ರಿಯಷ್ಟು ಹರಡುವ ವಿಡಿಯೊ ಟಾರ್ಚ್ ಬೇಕು. ಅದೂ ಒಂದು ಮೀಟರ್ ಒಳಗಿನ ವಸ್ತುವಿಗಷ್ಟೇ. ಅದರಾಚೆಗೆ ಹಗಲಿನ ಬೆಳಕಿನ ಮುಂದೆ ಅದು ಸೋಲುತ್ತದೆ. ಟಾರ್ಚ್ ಹಚ್ಚಿದಾಗ ಫಿಲ್ಟರ್ ತೆಗೆದುಬಿಡಿ. ಇನ್ನೊಂದು ತಪ್ಪು, ಟಾರ್ಚನ್ನು ಕ್ಯಾಮೆರಾದ ತಲೆಯ ಮೇಲೆಯೇ ಕೂರಿಸುವುದು. ಲೆನ್ಸಿನ ಎದುರಿನ ಕಣಗಳೆಲ್ಲ ಬೆಳಗಿ, ರಾತ್ರಿ ಮಳೆಯಲ್ಲಿ ಹೈಬೀಮ್ ಹಾಕಿ ಗಾಡಿ ಓಡಿಸಿದಂತೆ ಕಾಣುತ್ತದೆ. ಲೆನ್ಸಿನಿಂದ 20–30 ಸೆಂ.ಮೀ. ಪಕ್ಕಕ್ಕೆ, ಓರೆಯಾಗಿ ಬೆಳಕು ಬೀಳಬೇಕು. ಎರಡು ಹಿಡಿಯ ಅಲ್ಯುಮಿನಿಯಂ ಟ್ರೇ ಇದ್ದರೆ ಈ ದೂರ ತಾನಾಗಿ ಸಿಗುತ್ತದೆ, ಕೈನಡುಕವೂ ಅರ್ಧಕ್ಕಿಳಿಯುತ್ತದೆ. ಎರಡನೇ ಕ್ಯಾಮೆರಾ ಕೊಳ್ಳುವ ದುಡ್ಡನ್ನು ಟ್ರೇ ಮತ್ತು ಟಾರ್ಚಿಗೆ ಹಾಕಿ ಎಂಬುದು ನಮ್ಮ ಗಟ್ಟಿ ಸಲಹೆ.

ಎಡಿಟಿಂಗ್‌ನಲ್ಲಿ ಸರಿ ಮಾಡುತ್ತೇವೆ ಎನ್ನುವವರು ಆಳ ಬದಲಾದಾಗಲೆಲ್ಲ ಒಂದು ಬಿಳಿ ಪ್ಲಾಸ್ಟಿಕ್ ಸ್ಲೇಟನ್ನು ಮೂರು ಸೆಕೆಂಡ್ ಚಿತ್ರಿಸಿಟ್ಟುಕೊಳ್ಳಿ. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನ ಉಚಿತ ಆವೃತ್ತಿಯಲ್ಲಿ ಆ ಬಿಳಿಯನ್ನು ತೋರಿಸಿ ವೈಟ್ ಬ್ಯಾಲೆನ್ಸ್ ಹಿಡಿದರೆ ಕೆಲಸ ಅರ್ಧ ಮುಗಿದಂತೆ. ಆದರೆ ರೆಕಾರ್ಡ್ ಆಗದೇ ಇದ್ದ ಕೆಂಪನ್ನು ಯಾವ ಸಾಫ್ಟ್‌ವೇರೂ ಹುಟ್ಟಿಸದು. ಎಳೆದಷ್ಟೂ ಕಾಳುಕಾಳು ಏಳುತ್ತದೆ.

ಲೆನ್ಸು, ದೂರ

ಚಪ್ಪಟೆ ಗಾಜಿನ ಹಿಂದಿನಿಂದ ನೋಡಿದಾಗ ನೀರಿನೊಳಗಿನ ವಸ್ತು ಇರುವುದಕ್ಕಿಂತ ಕಾಲುಭಾಗ ಹತ್ತಿರದಲ್ಲಿ, ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತದೆ. ನೀರಿನ ವಕ್ರೀಭವನಾಂಕ 1.33 ಇರುವುದರ ಫಲ. ಇದರ ಬೆಲೆಯಾಗಿ ಲೆನ್ಸಿನ ಅಗಲ ಕುಗ್ಗುತ್ತದೆ: ಡಬ್ಬದ ಮೇಲಿನ 170 ಡಿಗ್ರಿ ನೀರೊಳಗೆ 100 ಡಿಗ್ರಿಗೂ ಒಳಗೆ. ಈ ಕ್ಯಾಮೆರಾಗಳಿಗೆ ಇದು ನಷ್ಟವಲ್ಲ, ಅಂಚಿನ ಮೀನ್‌ಕಣ್ಣಿನ ಡೊಂಕು ಕಡಿಮೆಯಾಗುತ್ತದೆ. ಮೊದಲೇ ಕಿರಿದಾದ ಲೆನ್ಸಿನ ಫ್ಲಿಪ್‌ನಂಥವಕ್ಕೆ ಮಾತ್ರ ಇದು ದೊಡ್ಡ ಹೊಡೆತ. ಒಬ್ಬ ಡೈವರ್ ಪೂರ್ತಿ ಕಾಣಬೇಕಾದರೆ ಅಷ್ಟು ಹಿಂದೆ ಸರಿಯಬೇಕು, ಸರಿದಷ್ಟೂ ಬಣ್ಣ ಹೋಗುತ್ತದೆ.

ಕೇಸು ಆರಿಸುವಾಗ ಕಣ್ಣಿನ ಭಾಗ ಉಬ್ಬಿದೆಯೇ ಚಪ್ಪಟೆಯೇ ನೋಡಿ. ಗೋಪ್ರೊದ ಎಚ್‌ಡಿ ಹೀರೊ, ಹೀರೊ 2 ಜೊತೆ ಬಂದ ಕೇಸುಗಳ ಕಣ್ಣು ಉಬ್ಬಿದ್ದು, ನೀರಿನಡಿ ಎಲ್ಲವೂ ಮಬ್ಬಾಗುತ್ತಿತ್ತು. ಉಬ್ಬುಗಾಜು ನೀರಿನಲ್ಲಿ ದೂರದ್ದನ್ನೂ ಲೆನ್ಸಿನ ಮೂಗಿನ ಮುಂದೆ ತಂದು ನಿಲ್ಲಿಸುತ್ತದೆ, ಅಲುಗದ ಫೋಕಸ್‌ಗೆ ಅಷ್ಟು ಹತ್ತಿರ ಹಿಡಿಸದು. ಆಮೇಲೆ ಚಪ್ಪಟೆ ಕಣ್ಣಿನವು ಬಂದವು. ಹಳೆಯ ಕೇಸನ್ನು ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಇದನ್ನು ನೋಡದೆ ಹಣ ಕೊಡಬಾರದು.

ಫೋಕಸ್‌ನ ಇನ್ನೊಂದು ತುದಿ: ಈ ಲೆನ್ಸುಗಳು ಗಾಳಿಯಲ್ಲಿ ಸುಮಾರು 30 ಸೆಂ.ಮೀ.ಗಿಂತ ಹತ್ತಿರದ್ದನ್ನು ಹಿಡಿಯುವುದಿಲ್ಲ. ನೀರಲ್ಲಿ ವಸ್ತು ಹತ್ತಿರ ಬಂದಂತೆ ಕಾಣುವುದರಿಂದ ನಿಜವಾದ ಮಿತಿ 40 ಸೆಂ.ಮೀ. ಅಂದರೆ 40 ಸೆಂ.ಮೀ.ನಿಂದ ಒಂದು ಮೀಟರ್‌ವರೆಗೆ ನಿಮ್ಮ ಅಂಗಳ. ಮೊಳಕ್ಕಿಂತ ಹತ್ತಿರ ಬೇಡ, ಮಾರು ದೂರ ಬೇಡ. ಬೆರಳುಗಾತ್ರದ ಸಮುದ್ರಬಸವನನ್ನು ತುಂಬುಚಿತ್ರದಲ್ಲಿ ತೋರಿಸುವ ಆಸೆಯನ್ನು ಈ ಕ್ಯಾಮೆರಾದ ಮೇಲೆ ಹೊರಿಸಬೇಡಿ.

ಹಬೆ

ಅರ್ಧ ಡೈವ್ ಆದ ಮೇಲೆ ಚಿತ್ರದ ನಡುವಿನಿಂದ ಹಾಲಿನಂಥ ಮಬ್ಬು ಹರಡಿದರೆ ಅದು ಸೋರಿಕೆಯಲ್ಲ, ಹಬೆ. ಕರಾವಳಿಯ ಜಿಗುಟು ಗಾಳಿಯನ್ನು ಕೇಸಿನೊಳಗೆ ಮುಚ್ಚಿದ್ದೀರಿ. ಕ್ಯಾಮೆರಾ ಅದನ್ನು ಬಿಸಿ ಮಾಡುತ್ತದೆ, ಹೊರಗಿನ ನೀರು ಮುಂದಿನ ಗಾಜನ್ನು ತಂಪು ಮಾಡುತ್ತದೆ, ತೇವ ಅಲ್ಲಿಗೆ ಹೋಗಿ ಕೂರುತ್ತದೆ. ಹಿಂದಿನ ರಾತ್ರಿ ಎಸಿ ರೂಮಿನಲ್ಲಿ, ಎಸಿ ಅರ್ಧ ಗಂಟೆ ಓಡಿದ ಮೇಲೆ ಕ್ಯಾಮೆರಾ ಕೂರಿಸಿ ಮುಚ್ಚಿ. ಸಂದಿಯಲ್ಲಿ ಎರಡು ಆ್ಯಂಟಿ-ಫಾಗ್ ಪಟ್ಟಿ ತೂರಿಸಿ, ಆದರೆ ತುದಿ ರಬ್ಬರಿನ ಮೇಲೆ ಬರಬಾರದು. ಸಿಲಿಕಾ ಜೆಲ್‌ನ ಚೀಟಿಯೂ ಆಗುತ್ತದೆ, ಜಾಗ ಇದ್ದರೆ. ಆಮೇಲೆ ದೋಣಿಯಲ್ಲಿ ತೆರೆಯಲೇಬಾರದು. ಎರಡು ಡೈವ್‌ಗಳ ನಡುವೆ ಒದ್ದೆ ಕೈಯಲ್ಲಿ ಬ್ಯಾಟರಿ ಬದಲಿಸಲು ಹೋಗಿ ಕೆಡಿಸಿಕೊಳ್ಳುವುದು ಸರ್ವೇಸಾಮಾನ್ಯ. 1050 ಎಂಎಎಚ್‌ಗೆ ಕಂಪನಿ ಹೇಳುವುದು 90 ನಿಮಿಷ. ಸ್ಕ್ರೀನ್ ತಾನಾಗಿ ಆರುವಂತೆ ಇಟ್ಟು, ದೋಣಿಯಲ್ಲಿ ಆಫ್ ಮಾಡಿದರೆ ಎರಡು ಡೈವ್‌ಗೆ ಎಳೆದುಕೊಂಡು ಬರುತ್ತದೆ. ಬಿಸಿಲಲ್ಲಿ ಬಿಡಬೇಡಿ, ಒದ್ದೆ ಟವಲು ಮುಚ್ಚಿಡಿ.

ನೀರಿನಲ್ಲಿ

ಮುರ್ಡೇಶ್ವರದಿಂದ ನೇತ್ರಾಣಿ ಸುಮಾರು 19 ಕಿ.ಮೀ., ದೋಣಿಯಲ್ಲಿ ಒಂದರಿಂದ ಒಂದೂವರೆ ಗಂಟೆ. ಮಳೆಗಾಲದಲ್ಲಿ ಡೈವಿಂಗ್ ಬಂದ್. ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಮೇವರೆಗೆ ನಡೆಯುತ್ತದೆ. ನೀರು ಒಂದು ದಿನ ತಿಳಿ, ಮರುದಿನ ಕಲಕು. ಕಲಕಿದ ದಿನ ದೂರದ ದೃಶ್ಯದ ಆಸೆ ಬಿಟ್ಟು ಬಂಡೆಯ ಹತ್ತಿರದ ಮೀನುಗಳಿಗೆ ಅಂಟಿಕೊಳ್ಳಿ. ಬೆಳಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ ಸೂರ್ಯ ನೆತ್ತಿಯ ಮೇಲಿದ್ದಾಗ ಬೆಳಕು ಆಳಕ್ಕಿಳಿಯುತ್ತದೆ. ಮೀನನ್ನು ಚಿತ್ರಿಸುವಾಗ ಸೂರ್ಯ ನಿಮ್ಮ ಬೆನ್ನಿಗಿರಲಿ.

ತರಬೇತಿ ಇಲ್ಲದೆ ಮೊದಲ ಸಲ ಇಳಿಯುವವರಿಗೆ ಒಂದೇ ಮಾತು: ಕ್ಯಾಮೆರಾ ಬೋಧಕರ ಕೈಗೆ ಕೊಡಿ. ಹಲವು ಕಡೆ ನಿಮ್ಮ ಕೈಗೆ ಬಿಡುವುದೂ ಇಲ್ಲ, ಅದು ಸರಿ. ಇಳಿಯುವಾಗ ಪ್ರತಿ ಮೀಟರ್‌ಗೂ ಮೂಗು ಹಿಡಿದು ಕಿವಿ ಸಮ ಮಾಡಿಕೊಳ್ಳಬೇಕು, ಅದಕ್ಕೊಂದು ಕೈ ಬೇಕೇ ಬೇಕು. ಪ್ರಮಾಣಪತ್ರ ಇದ್ದವರೂ ಬಲಗೈಯಲ್ಲಿ ಹಿಡಿಯಿರಿ. ಬಿಸಿಡಿಯ (ಗಾಳಿ ತುಂಬಿ ತೇಲುವಿಕೆ ಹೊಂದಿಸುವ ಜಾಕೆಟ್ಟಿನ) ಇನ್‌ಫ್ಲೇಟರ್ ಎಡಗಡೆ ಇರುವುದರಿಂದ ಎಡಗೈ ಖಾಲಿ ಇರಬೇಕು.

ಸುರುಳಿ ಹಗ್ಗದಿಂದ ಬಿಸಿಡಿಯ ಡಿ-ರಿಂಗ್‌ಗೆ ಸಿಕ್ಕಿಸಿ. ಹಳದಿ ಬಣ್ಣದ ತೇಲುವ ಹಿಡಿ ಸ್ನಾರ್ಕೆಲಿಂಗ್‌ಗೆ ಚೆಂದ, ಡೈವಿಂಗ್‌ಗೆ ಕಾಟ: ಇಡೀ ಹೊತ್ತು ಕೈಯನ್ನು ಮೇಲಕ್ಕೆಳೆಯುತ್ತದೆ, ಕೈತಪ್ಪಿದರೆ ಬಾಣದಂತೆ ಮೇಲೇರಿ ಸೆಳೆತಕ್ಕೆ ಸಿಕ್ಕಿ ಹೋಗುತ್ತದೆ. ಉದ್ದದ ಸೆಲ್ಫಿ ಕೋಲು ಹವಳಕ್ಕೆ ತಾಗುತ್ತದೆ, ಸಂಗಡಿಗರ ಮಾಸ್ಕಿಗೂ.

ಚಿತ್ರಣ ಅಲುಗದಿರಲಿ ಎಂದೋ ಗುಳ್ಳೆಗೆ ಮೀನು ಹೆದರೀತು ಎಂದೋ ಉಸಿರು ಬಿಗಿಹಿಡಿಯುವವರಿದ್ದಾರೆ. ಇದು ಚಿತ್ರ ಕೆಡುವ ವಿಷಯವಲ್ಲ, ಪ್ರಾಣದ ವಿಷಯ. 10 ಮೀಟರ್‌ನಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ, ಹೊರಬಿಡದಿದ್ದರೆ ಶ್ವಾಸಕೋಶ ಹರಿಯಬಹುದು. ಉಸಿರು ಹಿಡಿದಾಗ ದೇಹ ತೇಲತೊಡಗುತ್ತದೆ, ಸ್ಕ್ರೀನ್ ನೋಡುತ್ತಿದ್ದರೆ ಮೇಲೇರಿದ್ದೇ ತಿಳಿಯುವುದಿಲ್ಲ. ನಿಧಾನವಾಗಿ ಉಸಿರಾಡುತ್ತ, ಮೀನಿನ ಮಟ್ಟಕ್ಕೇ ಇಳಿದು, ಮೊಣಕೈಗಳನ್ನು ಪಕ್ಕೆಗೆ ಒತ್ತಿ ಎಣಿಸಿ: ಒಂದು ದೃಶ್ಯಕ್ಕೆ ಹತ್ತು ಸೆಕೆಂಡ್, ಕ್ಯಾಮೆರಾ ಅತ್ತಿತ್ತ ಆಡಿಸದೆ. ಮೀನನ್ನು ಬೆನ್ನಟ್ಟಿದರೆ ಸಿಗುವುದು ಬಾಲ ಮಾತ್ರ. ಗಿಳಿಮೀನು ಬಂಡೆ ಕೆರೆಯುವ ಜಾಗ ನೋಡಿಟ್ಟುಕೊಂಡು ಪಕ್ಕದಲ್ಲಿ ಸುಮ್ಮನಿದ್ದರೆ ಅದು ತಾನಾಗಿ ಮರಳಿ ಬರುತ್ತದೆ.

ಮೇಲೆ ಬಂದ ಮೇಲೆ

ಮುಚ್ಚಿದ ಕೇಸನ್ನು ಹಾಗೇ ಸಿಹಿನೀರ ಬಕೆಟ್ಟಿನಲ್ಲಿ ಅರ್ಧ ಗಂಟೆ ನೆನೆಹಾಕಿ, ನೀರೊಳಗೇ ಗುಂಡಿಗಳನ್ನು ಒತ್ತುತ್ತಿರಿ. ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಸಾಲದು, ಒಣಗಿದ ಉಪ್ಪಿನ ಹರಳು ಗುಂಡಿಯ ರಿಂಗನ್ನು ಅರದಂತೆ ಉಜ್ಜುತ್ತದೆ. ತೆರೆಯುವಾಗ ಬಾಗಿಲು ಕೆಳಮುಖವಾಗಿರಲಿ, ಸಂದಿಯ ಹನಿ ಹೊರಕ್ಕೆ ಬೀಳಲಿ. ಆಮೇಲೆ ಚಿಲಕ ಹಾಕದೆ ಇಡಿ. ತಿಂಗಳುಗಟ್ಟಲೆ ಒತ್ತಿಟ್ಟ ರಬ್ಬರ್ ಚಪ್ಪಟೆಯಾಗಿ ಬಿಡುತ್ತದೆ.

ನೀರು ಒಳಗೆ ಹೋಗಿಯೇಬಿಟ್ಟಿದ್ದರೆ ಆನ್ ಮಾಡಿ ನೋಡುವ ಚಪಲ ಬೇಡ. ಬ್ಯಾಟರಿ ತಕ್ಷಣ ತೆಗೆದು, ಕಾರ್ಡ್ ತೆಗೆದು, ಬ್ಯಾಟರಿಯನ್ನು ಬ್ಯಾಗಿನಿಂದಲೂ ಬಟ್ಟೆಬರೆಯಿಂದಲೂ ದೂರ ಬಯಲಲ್ಲಿಡಿ. ಉಪ್ಪುನೀರು ಕುಡಿದ ಲಿಥಿಯಂ ಬ್ಯಾಟರಿ ಗಂಟೆಗಳ ನಂತರವೂ ಬಿಸಿಯಾಗಬಹುದು. ಮತ್ತೆ ಚಾರ್ಜ್‌ಗೆ ಹಾಕಲೇಬೇಡಿ. ಕಾರ್ಡನ್ನು ಸಿಹಿನೀರಲ್ಲಿ ತೊಳೆದು ಎರಡು ದಿನ ಒಣಗಿಸಿದರೆ ಬಹುಪಾಲು ವಿಡಿಯೊ ಉಳಿಯುತ್ತದೆ. ಅಕ್ಕಿ ಡಬ್ಬಿ ಉಪ್ಪನ್ನು ತೆಗೆಯುವುದಿಲ್ಲ, ಅಕ್ಕಿಯೂ ಹಾಳು.

ಇನ್ನೂ ಹೆಚ್ಚು ಖರ್ಚು ಮಾಡಬೇಕೆ?

ವರ್ಷಕ್ಕೆ ಒಂದು ಸಲ ಇಳಿಯುವವರಿಗೆ ಬೇಡ. ನಾಲ್ಕೈದು ಡೈವ್ ಮಾಡುವವರಿಗೆ, ರಾತ್ರಿ ಡೈವ್ ಅಥವಾ 15 ಮೀಟರ್ ಕೆಳಗಿನ ಬೆಳಕಿನಲ್ಲಿ ಚಿತ್ರಿಸುವವರಿಗೆ ವ್ಯತ್ಯಾಸ ಎದ್ದು ಕಾಣುತ್ತದೆ. 2023ರಲ್ಲಿ ಬಂದ ಡಿಜೆಐ ಓಸ್ಮೋ ಆಕ್ಷನ್ 4 ಕೇಸಿಲ್ಲದೆ 18 ಮೀಟರ್, ಕೇಸಿನೊಂದಿಗೆ 60 ಮೀಟರ್. 1/1.3 ಇಂಚಿನ ದೊಡ್ಡ ಸೆನ್ಸರ್ ಮಬ್ಬುಬೆಳಕಿನಲ್ಲಿ ಕಾಳು ಏಳಿಸುವುದು ಕಡಿಮೆ, ಬೆಳಕಿನ ಬಣ್ಣ ಅಳೆಯುವ ಪ್ರತ್ಯೇಕ ಸೆನ್ಸರೂ ಇದೆ. ಆದರೂ ಸ್ಕೂಬಾಗೆ ಅದರ ಕೇಸು ಕೊಂಡೇ ಇಳಿಯಿರಿ; 18 ಎಂಬ ಮಿತಿಯ ಅಂಚಿನಲ್ಲಿ ಒಂದು ಪುಟ್ಟ ಬ್ಯಾಟರಿ ಬಾಗಿಲನ್ನು ನಂಬಿ ಈಜಬೇಡಿ. 2024ರ ಪುಟ್ಟ ಗೋಪ್ರೊ ಹೀರೊ 86 ಗ್ರಾಂ ತೂಗುವ ಮುದ್ದಾದ ವಸ್ತು, ಆದರೆ ಅದರ ಮಿತಿ 5 ಮೀಟರ್, ಈಜುಕೊಳಕ್ಕೆ. ಗೋಪ್ರೊ ಎಂಬ ಹೆಸರು ನೋಡಿ ಡೈವ್‌ಗೆ ಒಯ್ಯುವವರು ಈ ಅಂಕಿ ಗಮನಿಸಿ. ಐಪಿ68 (ನೀರು, ದೂಳು ತಡೆಯುವ ದರ್ಜೆ) ಎಂದು ಬರೆದ ಮೊಬೈಲಂತೂ ಲೆಕ್ಕಕ್ಕೇ ಇಲ್ಲ.

ಏನೂ ಕೊಳ್ಳದೆಯೂ ಆಗುತ್ತದೆ. ಹಲವು ಡೈವ್ ಪ್ಯಾಕೇಜ್‌ಗಳಲ್ಲಿ ಬೋಧಕರೇ ತೆಗೆದ ವಿಡಿಯೊ ಸೇರಿರುತ್ತದೆ, ಮೊದಲ ಸಲ ಇಳಿಯುವವರಿಗೆ ಅದೇ ಉತ್ತಮ. ಒಂದು ಎಚ್ಚರ: ಅದನ್ನು ವಾಟ್ಸ್ಆ್ಯಪ್‌ನಲ್ಲಿ ತರಿಸಿಕೊಂಡರೆ ಹಿಂಡಿ ಹಿಪ್ಪೆ ಮಾಡಿದ ಫೈಲು ಬರುತ್ತದೆ, ಬಣ್ಣ ಸರಿಪಡಿಸಲು ಅದರಲ್ಲಿ ಏನೂ ಉಳಿದಿರುವುದಿಲ್ಲ. ಬುಕ್ ಮಾಡುವಾಗಲೇ ಮೂಲ ಫೈಲು ಬೇಕೆಂದು ಹೇಳಿ, ಟೈಪ್-ಸಿ ಪೆನ್‌ಡ್ರೈವ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ದಡಕ್ಕೆ ಬಂದ ಮೇಲೆ ಕಾರ್ಡ್ ಅಳಿಸಿ ಮುಂದಿನ ತಂಡಕ್ಕೆ ಹಾಕುವ ಮುನ್ನ ಕಾಪಿ ಮಾಡಿಸಿಕೊಂಡೇ ಹೊರಡಿ.